ಅವ್ವನಿಗೆ ಒಳಗಿನಿಂದ ವಿಕಿರಣ: ಸುಗ್ಗಿ ಮುಗಿಯುವವರೆಗೆ ಕಾಯಬಹುದೇ?

ಪ್ರಶ್ನೆ: ನಮ್ಮ ತಾಯಿಗೆ 62 ವರ್ಷ. ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ ಮತ್ತೆ ರಕ್ತ ಹೋಗತೊಡಗಿದ್ದರಿಂದ ತಪಾಸಣೆ ಮಾಡಿಸಿದೆವು. ಗರ್ಭಕೊರಳಿನ ಕ್ಯಾನ್ಸರ್, 2ಬಿ ಹಂತ ಎಂದು ತಿಳಿಯಿತು. 25 ಸಲ ಕರೆಂಟ್ (ಹೊರಗಿನಿಂದ ವಿಕಿರಣ) ಇಡಿಸಿದ್ದು ಕಳೆದ ವಾರ ಮುಗಿಯಿತು, ವಾರಕ್ಕೊಮ್ಮೆ ಕೀಮೋ ಕೂಡ ಆಯಿತು. ಈಗ ರಕ್ತಸ್ರಾವ ನಿಂತಿದೆ, ಗಡ್ಡೆ ಬಹಳ ಕುಗ್ಗಿದೆ ಎನ್ನುತ್ತಾರೆ. ಆದರೂ ಒಳಗಿನಿಂದ ವಿಕಿರಣ ಕೊಡಲೇಬೇಕಂತೆ. ಅದರ ಬದಲು ಹೊರಗಿನಿಂದಲೇ ಇನ್ನಷ್ಟು ಕೊಡಬಾರದೇ? ನನ್ನ ಹೆಂಡತಿ ಐದು ತಿಂಗಳ ಗರ್ಭಿಣಿ. ಅವ್ವ ಮನೆಗೆ ಬಂದರೆ ಕೂಸಿಗೆ ತೊಂದರೆ ಎಂದು ಸಂಬಂಧಿಕರು ಹೆದರಿಸುತ್ತಿದ್ದಾರೆ. ಗೋವಿನಜೋಳದ ಸುಗ್ಗಿ ಮುಗಿಸಿ ಹೋಗಬಹುದೇ? ಅವ್ವನಿಗೆ ಇದನ್ನು ಇನ್ನೂ ಹೇಳಿಲ್ಲ.
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದವು ಕಾಯಬಲ್ಲವು, ಅದು ಕಾಯಲಾರದು. ಸುಗ್ಗಿಯವರೆಗೆ ನಿಲ್ಲಿಸಬೇಡಿ. ಈ ಕಾಯಿಲೆಯಲ್ಲಿ ಹೊರಗಿನ ವಿಕಿರಣ ಆರಂಭವಾದ ದಿನದಿಂದ ಹಿಡಿದು ಒಳಗಿನ ವಿಕಿರಣದ ಕೊನೆಯ ಸರದಿಯವರೆಗಿನ ಇಡೀ ಚಿಕಿತ್ಸೆ ಎಂಟು ವಾರಗಳೊಳಗೆ, ಅಂದರೆ 56 ದಿನಗಳಲ್ಲಿ ಮುಗಿಯಬೇಕೆಂಬುದು ವೈದ್ಯರು ಪಾಲಿಸುವ ಗಡುವು. ಅದು ಮೀರಿದಂತೆ ಅಳಿದುಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯತೊಡಗಿ, ಈಗಾಗಲೇ ಕೊಟ್ಟಿರುವ ವಿಕಿರಣದ ಫಲವೂ ಕುಂದುತ್ತದೆ. ನಿಮ್ಮ ತಾಯಿಯವರಿಗೆ ಐದು ವಾರಗಳು ಆಗಲೇ ಕಳೆದಿವೆ.

ಗಡ್ಡೆ ಕುಗ್ಗಿತಲ್ಲ, ಇನ್ನೇಕೆ ಎಂಬ ಅನುಮಾನ ಸಹಜವೇ. ಆದರೆ ಗಡ್ಡೆ ಕುಗ್ಗಲಿ ಎಂದೇ ಹೊರಗಿನ ವಿಕಿರಣವನ್ನು ಮೊದಲು ಕೊಡುವುದು. ಕುಗ್ಗಿದ ಮೇಲಷ್ಟೇ ವಿಕಿರಣದ ನಳಿಕೆಗಳನ್ನು ಅದರ ಹತ್ತಿರಕ್ಕೆ ಸರಿಯಾಗಿ ಕೂರಿಸಲು ಸಾಧ್ಯವಾಗುತ್ತದೆ. ಹೊರಗಿನಿಂದ ಸಾಮಾನ್ಯವಾಗಿ 45ರಿಂದ 50 ಗ್ರೇ (ಗ್ರೇ ಎಂದರೆ ವಿಕಿರಣದ ಪ್ರಮಾಣ ಅಳೆಯುವ ಮಾನ) ಕೊಡುತ್ತಾರೆ, ಆದರೆ ಈ ಗಡ್ಡೆ ಪೂರ್ತಿ ನಾಶವಾಗಲು 80 ಗ್ರೇಗೂ ಮಿಕ್ಕಿದ ಪ್ರಮಾಣ ಬೇಕು. ಅಷ್ಟನ್ನೂ ಹೊರಗಿನಿಂದಲೇ ಹಾಯಿಸಿದರೆ ಗರ್ಭಕೋಶದ ಮುಂದಿರುವ ಮೂತ್ರಕೋಶ, ಹಿಂದಿರುವ ಗುದನಾಳ ಮತ್ತು ಸುತ್ತಲಿನ ಕರುಳು ತಡೆದುಕೊಳ್ಳಲಾರವು. ಬ್ರೇಕಿಥೆರಪಿ ಎನ್ನುವ ಈ ಚಿಕಿತ್ಸೆಯಲ್ಲಿ ವಿಕಿರಣದ ಆಕರವೇ ಗಡ್ಡೆಯ ಮಗ್ಗುಲಲ್ಲಿ ಇರುತ್ತದೆ, ಮತ್ತು ಆಕರದಿಂದ ದೂರ ಸರಿದಂತೆ ವಿಕಿರಣ ಬಹಳ ಬೇಗ ಇಳಿದುಹೋಗುತ್ತದೆ. ದೂರ ಇಮ್ಮಡಿಯಾದರೆ ಪ್ರಮಾಣ ಸುಮಾರು ಕಾಲುಭಾಗಕ್ಕೆ ಬರುತ್ತದೆ. ಹಾಗಾಗಿ ಹೊರಗಿನ ಯಂತ್ರ ಎಷ್ಟೇ ಹೊಸದಿದ್ದರೂ ಇದಕ್ಕೆ ಸಮನಾದ ಬದಲಿಯಲ್ಲ.

ಮನೆಯವರ ಭಯಕ್ಕೆ ಇಲ್ಲಿ ಆಧಾರವಿಲ್ಲ. ಇಂದು ಹೆಚ್ಚಾಗಿ ಬಳಸುವ, ವಿಕಿರಣ ಸೂಸುವ ಇರಿಡಿಯಂ-192 ಎಂಬ ಲೋಹದ ಆಕರವು ಜೀರಿಗೆ ಕಾಳಿಗಿಂತ ತೆಳ್ಳಗಿನದು. ಸಪೂರ ತಂತಿಯ ತುದಿಯಲ್ಲಿ ಯಂತ್ರದಿಂದ ಹೊರಟು, ನಳಿಕೆಯೊಳಗೆ ಕೆಲವು ನಿಮಿಷ ನಿಂತು, ಯಂತ್ರಕ್ಕೇ ಮರಳುತ್ತದೆ. ಅದು ಮರಳಿದ ಮೇಲೆ ನಿಮ್ಮ ತಾಯಿಯವರ ದೇಹದಲ್ಲಾಗಲಿ ಮೂತ್ರದಲ್ಲಾಗಲಿ ಬಟ್ಟೆಯಲ್ಲಾಗಲಿ ವಿಕಿರಣ ಉಳಿಯುವುದಿಲ್ಲ. ನಿಮ್ಮ ಸಂಬಂಧಿಕರು ಬಹುಶಃ ಥೈರಾಯ್ಡ್ ಕ್ಯಾನ್ಸರಿಗೆ ಕುಡಿಸುವ ವಿಕಿರಣ ಅಯೋಡಿನ್ ಬಗ್ಗೆ ಕೇಳಿರಬೇಕು. ಅಲ್ಲಿ ಗರ್ಭಿಣಿಯರು ಮತ್ತು ಮಕ್ಕಳಿಂದ ಕೆಲವು ದಿನ ದೂರವಿರುವುದು ನಿಜಕ್ಕೂ ಅಗತ್ಯ. ನಿಮ್ಮ ಮನೆಯಲ್ಲಿ ಅತ್ತೆ ಸೊಸೆ ಮೊದಲಿನಂತೆಯೇ ಒಟ್ಟಿಗೆ ಇರಬಹುದು.

ಚಿಕಿತ್ಸೆ ಏನೂ ಅಲ್ಲವೆಂದು ನಾನು ಹೇಳಲಾರೆ. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಅಥವಾ ಮಂಪರು ಬರಿಸಿ ನಳಿಕೆಗಳನ್ನು ಕೂರಿಸಿ, ಅವು ಅಲುಗದಂತೆ ಬಟ್ಟೆ ತುರುಕಿ, ಸ್ಕ್ಯಾನ್ ಮಾಡಿ ಲೆಕ್ಕ ಹಾಕುವುದರಲ್ಲಿ ಕೆಲವು ಗಂಟೆ ಅಲುಗದೆ ಅಂಗಾತ ಮಲಗಿರಬೇಕಾಗುತ್ತದೆ. ಬೇಸರವಾಗುವುದು ಆ ಕಾಯುವಿಕೆಯೇ, ವಿಕಿರಣವಲ್ಲ. ಇಂಥದ್ದು ಆಸ್ಪತ್ರೆಯ ಪದ್ಧತಿಗೆ ತಕ್ಕಂತೆ ಎರಡರಿಂದ ನಾಲ್ಕು ಸರದಿ ಇರಬಹುದು. ನಳಿಕೆ ತೆಗೆಯುವಾಗಲೂ ನೋವಿನ ಔಷಧ ಕೊಡುತ್ತೀರಾ ಎಂದು ಮೊದಲೇ ಕೇಳಿ. ಕೇಳಿದವರಿಗೆ ಅದು ಬೇಗ ಸಿಗುವುದನ್ನು ನೋಡಿದ್ದೇನೆ. ಹಾಗೆಯೇ ಆ ಆಸ್ಪತ್ರೆಯಲ್ಲಿ ಬ್ರೇಕಿಥೆರಪಿ ಯಂತ್ರ ಈಗ ನಡೆಯುತ್ತಿದೆಯೇ ಎಂದೂ ವಿಚಾರಿಸಿ. ಇರಿಡಿಯಂ 74 ದಿನಗಳಲ್ಲಿ ಅರ್ಧ ಶಕ್ತಿ ಕಳೆದುಕೊಳ್ಳುವುದರಿಂದ ಆಕರವನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತದೆ, ಹೊಸದು ಬರುವವರೆಗೆ ಯಂತ್ರ ನಿಂತಿರಬಹುದು. ಅಲ್ಲಿ ಸೌಲಭ್ಯವಿಲ್ಲದಿದ್ದರೆ ಬೆಂಗಳೂರಿನ ಕಿದ್ವಾಯಿಯಂತಹ ಸಂಸ್ಥೆಗೆ ಪತ್ರ ಬರೆಸಿಕೊಳ್ಳಿ.

ಕೆಲವು ವಾರ ಉರಿಮೂತ್ರ, ಸಡಿಲ ಭೇದಿ ಇರಬಹುದು. ತಿಂಗಳುಗಳ ಅಥವಾ ಒಂದೆರಡು ವರ್ಷಗಳ ಬಳಿಕ ಕೆಲವರಿಗೆ ಮಲದಲ್ಲಿ ರಕ್ತ ಕಾಣಿಸುತ್ತದೆ. ಆಗ ಮೂಲವ್ಯಾಧಿ ಎಂದುಕೊಂಡು ಬೇರೆಲ್ಲೋ ಚಿಕಿತ್ಸೆ ಮಾಡಿಸದೆ ವಿಕಿರಣ ಕೊಟ್ಟ ವೈದ್ಯರಲ್ಲಿಗೇ ಹೋಗಿ.

ಇನ್ನು ನಿಮ್ಮ ತಾಯಿಯವರಿಗೆ ತಿಳಿಸದಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿಯೋ ಹೆಬ್ಬೆಟ್ಟೋ ಹಾಕಬೇಕಾದವರು ಅವರು, ಮತ್ತು ಇಂಥ ಭಾಗದ ಚಿಕಿತ್ಸೆಯಲ್ಲಿ ನೋವಿಗಿಂತ ಸಂಕೋಚವೇ ಹೆಚ್ಚು ಕಾಡುತ್ತದೆ. ಮಗನಾದ ನೀವು ಹೇಳಲು ಹಿಂಜರಿದರೆ ನಿಮ್ಮ ಅಕ್ಕತಂಗಿಯರಿಂದಲೋ ವಾರ್ಡಿನ ಸಿಸ್ಟರ್ ಅವರಿಂದಲೋ ಹೇಳಿಸಿ, ಆದರೆ ಅಲ್ಲಿ ಹೋದ ಮೇಲೆ ಗೊತ್ತಾಗುವಂತೆ ಮಾಡಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಅನುಮತಿಯನ್ನು ಮೊದಲೇ ಪಡೆಯಬೇಕಾಗಬಹುದು. ಕಾರ್ಡು, ಆಧಾರ್ ಮತ್ತು ಹೊರಗಿನ ವಿಕಿರಣದ ಸಾರಾಂಶ ಪತ್ರವನ್ನು ತೆಗೆದುಕೊಂಡು ಈ ವಾರವೇ ಹೊರಡಿ.