ಬಾಲ್ಡರ್ಸ್ ಗೇಟ್ 3ರಲ್ಲಿ 70% ಅಂತ ತೋರಿಸಿಯೂ ಸಾಲಾಗಿ ಮೂರು ಏಟು ತಪ್ಪಿದ್ದೇಕೆ?

ಬಾಲ್ಡರ್ಸ್ ಗೇಟ್ 3 ವಿಡಿಯೋ ಗೇಮಿನಲ್ಲಿ ನಿಮ್ಮ ಫೈಟರ್ (ಆಯುಧ ಹಿಡಿದು ಕಾದಾಡುವ ಪಾತ್ರ) ಏಟು ತಾಗುವ ಸಂಭವ 70% ಇದ್ದಾಗಲೂ ಸಾಲಾಗಿ ಮೂರು ಸಲ ಮಿಸ್ ಮಾಡಿದ, ಗೇಮ್ ಸುಳ್ಳು ಲೆಕ್ಕ ತೋರಿಸುತ್ತಿದೆಯಾ ಅಂತ ಕೇಳಿದ್ದೀರಿ. ಇಲ್ಲ. ಮೂರು ಸಾಲು ಮಿಸ್ ಆಗುವ ಸಂಭವ 0.3 × 0.3 × 0.3, ಅಂದರೆ 2.7%. ಕೇಳಲು ಕಡಿಮೆ. ಆದರೆ ಒಂದು ಸಂಜೆ ಕೂತರೆ 40 ಏಟು ಸಲೀಸಾಗಿ ಆಗುತ್ತವೆ. ಆ 40ರೊಳಗೆ ಎಲ್ಲಾದರೂ ಒಮ್ಮೆ ಮೂರು ಸಾಲು ತಪ್ಪುವ ಸಂಭವ ಸುಮಾರು ಅರ್ಧಕ್ಕರ್ಧ. ದಾಳಕ್ಕೆ ಹಿಂದಿನ ಗರದ ನೆನಪಿರುವುದಿಲ್ಲ, ನೆನಪಿಟ್ಟುಕೊಳ್ಳುವವರು ನಾವು.

ನೀವು ಮೊದಲು ಫೈರ್ ಎಂಬ್ಲೆಮ್ ಆಡಿದವರಾದರೆ ಈ ಗೊಂದಲ ಇನ್ನೂ ಸಹಜ. 2002ರ ದಿ ಬೈಂಡಿಂಗ್ ಬ್ಲೇಡ್‌ನಿಂದ ಶುರುವಾಗಿ ಆ ಸರಣಿಯ ಹಲವು ಗೇಮ್‌ಗಳು ಎರಡು ಸಂಖ್ಯೆ ತೆಗೆದು ಸರಾಸರಿ ನೋಡುತ್ತವೆ. ಅಲ್ಲಿ 70 ಅಂತ ಕಂಡರೆ ಒಳಗೆ ನಿಜಕ್ಕೂ 82ರ ಆಸುಪಾಸು. ಆಟಗಾರನ ಮನಸ್ಸಿಗೆ ಒಪ್ಪುವ ಸುಳ್ಳು ಅದು.

ಬಾಲ್ಡರ್ಸ್ ಗೇಟ್ 3 ನಡೆಯುವುದು ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ ನಿಯಮದ ಮೇಲೆ. 20 ಮುಖದ ದಾಳ ಉರುಳುತ್ತದೆ, ಬಿದ್ದ ಗರಕ್ಕೆ ನಿಮ್ಮ ಅಟ್ಯಾಕ್ ಬೋನಸ್ ಕೂಡುತ್ತದೆ. ಮೊತ್ತ ಎದುರಾಳಿಯ ಆರ್ಮರ್ ಕ್ಲಾಸ್‌ಗೆ (ಎಸಿ, ಅಂದರೆ ಏಟು ತಪ್ಪಿಸುವ ರಕ್ಷಣೆಯ ಅಂಕ) ಸಮವಾದರೂ ಸಾಕು, ಏಟು ತಾಗುತ್ತದೆ. 20 ಬಿದ್ದರೆ ಎಸಿ ಎಷ್ಟಿದ್ದರೂ ಹಿಟ್, 1 ಬಿದ್ದರೆ ಬೋನಸ್ ಎಷ್ಟಿದ್ದರೂ ಮಿಸ್. ಹಾಗಾಗಿ ಒಂದೇ ದಾಳದಲ್ಲಿ 95% ದಾಟಲು ಆಗುವುದಿಲ್ಲ.

ನಾಲ್ಕನೇ ಲೆವೆಲ್ಲಿನ ಫೈಟರ್ ತೆಗೆದುಕೊಳ್ಳಿ. ಸ್ಟ್ರೆಂತ್ 16 ಇದ್ದರೆ +3, ಪ್ರೊಫಿಶಿಯನ್ಸಿಗೆ, ಅಂದರೆ ಆಯುಧದಲ್ಲಿ ಪಳಗಿದ್ದಕ್ಕೆ, +2 (ಇದು 5ನೇ ಲೆವೆಲ್ಲಿಗೆ 3, 9ಕ್ಕೆ 4 ಆಗುತ್ತದೆ), ಒಟ್ಟು +5. ಎದುರಿಗಿರುವವನ ಎಸಿ 15. ಗರ 10 ಅಥವಾ ಮೇಲೆ ಬೀಳಬೇಕು, ಅಂಥ ಮುಖಗಳು 11, ಅಂದರೆ 55%. ಬಾಯಿಲೆಕ್ಕಕ್ಕೆ: 21ಕ್ಕೆ ಬೋನಸ್ ಕೂಡಿಸಿ, ಎಸಿ ಕಳೆದು, 5ರಿಂದ ಗುಣಿಸಿ.

ಪ್ರತಿ +1ಕ್ಕೆ ಬರುವುದು ಶೇಕಡಾ 5 ಅಂಕ ಮಾತ್ರ. ಅಡ್ವಾಂಟೇಜ್ ಸಿಕ್ಕರೆ ಎರಡು ದಾಳ ಉರುಳಿ ದೊಡ್ಡದು ಉಳಿಯುತ್ತದೆ, ನಮ್ಮ 55% ಒಮ್ಮೆಲೇ ಸುಮಾರು 80%ಗೆ ಏರುತ್ತದೆ. ಬ್ಲೆಸ್ ಮಂತ್ರ ಪ್ರತಿ ಏಟಿಗೆ ನಾಲ್ಕು ಮುಖದ ಇನ್ನೊಂದು ದಾಳ ಸೇರಿಸುತ್ತದೆ, ಸರಾಸರಿ 2.5, ಅಂದರೆ 12.5 ಅಂಕ, ಅದೂ ಮೂವರಿಗೆ ಒಟ್ಟಿಗೆ. ಎರಡೂ ಸೇರಿದರೆ 89%. ಮೊದಲ ಲೆವೆಲ್ಲಿನ ಮಂತ್ರಗಳಲ್ಲಿ ಬ್ಲೆಸ್‌ನಷ್ಟು ಲಾಭದ್ದು ಕಡಿಮೆ, ಆದರೆ ಅದನ್ನು ಹಾಕಿದವರ ಏಕಾಗ್ರತೆ ಪೆಟ್ಟು ಬಿದ್ದು ಮುರಿದರೆ ಮೂವರದೂ ಹೋಯಿತು. ಆದ್ದರಿಂದ ಬ್ಲೆಸ್ ಹಾಕುವ ಕ್ಲೆರಿಕ್ (ಪೂಜಾರಿ ಪಾತ್ರ) ಮುಂದಿನ ಸಾಲಿನಲ್ಲಿ ಪೆಟ್ಟು ತಿನ್ನುತ್ತಾ ನಿಲ್ಲಬಾರದು. ಅಡ್ವಾಂಟೇಜ್‌ಗೆ ಫೇರಿ ಫೈರ್ ಮಂತ್ರ ಹಾಕಿ, ಅಥವಾ ಎದುರಾಳಿಯನ್ನು ನೆಲಕ್ಕೆ ಕೆಡವಿ ಹತ್ತಿರದಿಂದ ಹೊಡೆಯಿರಿ. ನಾಲ್ಕು ಕಡೆಯಿಂದ ಅಡ್ವಾಂಟೇಜ್ ಬಂದರೂ ಅದು ಒಂದೇ ಲೆಕ್ಕ, ಒಂದೇ ಒಂದು ಡಿಸ್‌ಅಡ್ವಾಂಟೇಜ್ (ಎರಡು ದಾಳದಲ್ಲಿ ಚಿಕ್ಕದು ಉಳಿಯುವುದು) ಅಷ್ಟನ್ನೂ ಅಳಿಸುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ. ಶತ್ರು 1.5 ಮೀಟರ್ ಒಳಗೆ ಬಂದು ನಿಂತಿದ್ದಾಗ ಬಿಲ್ಲು ಎತ್ತಿದರೆ ಡಿಸ್‌ಅಡ್ವಾಂಟೇಜ್, ಆ 55% ಇಳಿದು 30% ಆಗುತ್ತದೆ. ಪ್ರೊಫಿಶಿಯನ್ಸಿ ಇಲ್ಲದ ಕವಚ ತೊಟ್ಟರೂ ಇದೇ ಶಿಕ್ಷೆ. ಪ್ರೊಫಿಶಿಯನ್ಸಿ ಇಲ್ಲದ ಆಯುಧವಾದರೆ ಆ ಬೋನಸ್ಸೇ ಇಲ್ಲ. ತಗ್ಗಿನಲ್ಲಿ ನಿಂತು ಮೇಲಿದ್ದವನಿಗೆ ಬಾಣ ಬಿಟ್ಟರೆ −2, ನೀವೇ ಮೇಲೆ ಹತ್ತಿದರೆ +2, ಅಂದರೆ ಏಣಿ ಹತ್ತಿದ್ದಕ್ಕೆ 20 ಅಂಕದ ವ್ಯತ್ಯಾಸ. ಕೆಳಗೆ ಮೂಲೆಯಲ್ಲಿರುವ ಕಾಂಬ್ಯಾಟ್ ಲಾಗ್‌ನಲ್ಲಿ ಆ ಏಟಿನ ಸಾಲಿನ ಮೇಲೆ ಮೌಸ್ ಇಟ್ಟರೆ ಗರ, ಬೋನಸ್ ಎಲ್ಲ ಬಿಡಿಬಿಡಿಯಾಗಿ ಕಾಣುತ್ತದೆ. ಬೈಯುವ ಮುಂಚೆ ಅದನ್ನು ಓದಿ.

ಗ್ರೇಟ್ ವೆಪನ್ ಮಾಸ್ಟರ್ ಫೀಟ್ (ಲೆವೆಲ್ ಏರಿದಾಗ ಆರಿಸುವ ವಿಶೇಷ ಕೌಶಲ) ತೆಗೆದುಕೊಂಡಿದ್ದರೆ ಅದರ ಆಲ್ ಇನ್ ಗುಂಡಿ ಆನ್ ಇದೆಯಾ ಮೊದಲು ನೋಡಿ. ಹಿಟ್‌ಗೆ −5, ಡ್ಯಾಮೇಜ್‌ಗೆ +10. ಗ್ರೇಟ್‌ಸ್ವೋರ್ಡ್‌ನ ಸರಾಸರಿ ಏಟು 10 ಎಂದಿಟ್ಟುಕೊಳ್ಳಿ (ಕ್ರಿಟಿಕಲ್ ಬಿಟ್ಟು). ಎಸಿ 15ರ ಮೇಲೆ ಆಫ್ ಇದ್ದಾಗ 10ರ 55%, ಅಂದರೆ 5.5. ಆನ್ ಆದರೆ 20ರ 30%, 6. ಅಂಥ ಲಾಭವೇನಿಲ್ಲ. ಎಸಿ 18 ಆದರೆ 4 ಇದ್ದದ್ದು 3ಕ್ಕೆ ಇಳಿಯುತ್ತದೆ, ಬರೀ ನಷ್ಟ. ಅದೇ ಎಸಿ 15ರ ಮೇಲೆ ಅಡ್ವಾಂಟೇಜ್ ಇದ್ದರೆ 8ರಿಂದ 10.2ಕ್ಕೆ ಏರುತ್ತದೆ. ಆನ್ ಮಾಡಿ ಮರೆತುಬಿಡುವ ಗುಂಡಿ ಅಲ್ಲ ಇದು. ಶತ್ರುವಿನ ಮೇಲೆ ಟಿ ಒತ್ತಿ ಎಸಿ ನೋಡಿ, ಆಮೇಲೆ ನಿರ್ಧರಿಸಿ. ಎಸಿ ಜಾಸ್ತಿ ಇದ್ದವನ ಮೇಲೆ ಆಸಿಡ್ ಎರಚಿದರೆ 2 ಇಳಿಯುತ್ತದೆ, ಅದು ಗುಂಪಿನ ಎಲ್ಲರಿಗೂ 10 ಅಂಕ ಕೊಟ್ಟ ಹಾಗೆ.

ಸೆಟ್ಟಿಂಗ್ಸ್‌ನಲ್ಲಿ ಕಾರ್ಮಿಕ್ ಡೈಸ್ ಅಂತ ಒಂದಿದೆ (ಕಾರ್ಮಿಕರಿಗೂ ಇದಕ್ಕೂ ಸಂಬಂಧವಿಲ್ಲ, ಕರ್ಮದ ಲೆಕ್ಕ). ಮೊದಲಿನಿಂದಲೇ ಆನ್ ಇರುತ್ತದೆ, ಸಾಲು ಸಾಲಾಗಿ ಸೋಲುವುದನ್ನು ಮುರಿಯುವುದು ಅದರ ಕೆಲಸ. ಮೇಲಿನ ಲೆಕ್ಕವೆಲ್ಲ ಅದು ಆಫ್ ಇದ್ದಾಗಿನದು. ತೋರಿಸಿದ ಶೇಕಡಾ ಹಾಗೆಯೇ ಬರಬೇಕು ಅನ್ನುವವರು ಅದನ್ನು ಆಫ್ ಮಾಡಬೇಕು. ಆಗ ಮೂರಲ್ಲ, ನಾಲ್ಕು ಸಾಲು ಮಿಸ್ ಬಂದರೂ ತಕರಾರು ಮಾಡುವಂತಿಲ್ಲ.

ದಾಳದ ಹಂಗೇ ಬೇಡದ ಹೊತ್ತಿಗೆ ಮ್ಯಾಜಿಕ್ ಮಿಸೈಲ್ ಇದೆ. ಮೂರು ಬಾಣ, ಒಂದೊಂದಕ್ಕೆ 2ರಿಂದ 5 ಡ್ಯಾಮೇಜ್, ಹಿಟ್ ರೋಲ್ ಇಲ್ಲವೇ ಇಲ್ಲ. 6 ಅಥವಾ ಅದಕ್ಕಿಂತ ಕಡಿಮೆ ಪ್ರಾಣ ಉಳಿಸಿಕೊಂಡು ನಿಂತ ಶತ್ರು ಅಲ್ಲಿಗೆ ಮುಗಿದ, ಶೀಲ್ಡ್ ಮಂತ್ರ ಕೈಯಲ್ಲಿಟ್ಟುಕೊಂಡ ಮಾಂತ್ರಿಕನನ್ನು ಬಿಟ್ಟು.