306 ಕಿಲೋಮೀಟರಿಗೆ ಒಂದು ಗಂಟೆ ಏಕೆ?

ಪ್ರಶ್ನೆ: ಅರವತ್ತೆಂಟು ವರ್ಷದ ನನ್ನ ಅಮ್ಮ ಜುಲೈನಲ್ಲಿ ಒಬ್ಬರೇ ಮಂಗಳೂರಿನಿಂದ ಬೆಂಗಳೂರಿಗೆ, ಅಲ್ಲಿಂದ ಲಂಡನ್‌ಗೆ ಹೊರಟಿದ್ದಾರೆ. ಎರಡೂ ಬೇರೆ ಬೇರೆ ಟಿಕೆಟ್. ಮಂಗಳೂರು–ಬೆಂಗಳೂರು ನಿಲ್ದಾಣಗಳ ನಡುವೆ 306 ಕಿ.ಮೀ. ಇದೆ. ಗಂಟೆಗೆ 800 ಕಿ.ಮೀ. ವೇಗವೆಂದರೆ 23 ನಿಮಿಷ ಸಾಕಲ್ಲವೇ? ಟಿಕೆಟಿನಲ್ಲಿ ಒಂದು ಗಂಟೆಗೂ ಹೆಚ್ಚಿದೆ. ನಡುವೆ ಎರಡೂವರೆ ಗಂಟೆ ಬಿಟ್ಟಿದ್ದೇನೆ, ಸಾಕೇ?
– ಓದುಗರು, ಪುತ್ತೂರು

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಸಾಲದು. ಕಾರಣ ಕೇಳಿ.

ನೀವು ಕೊಟ್ಟಿರುವ ದೂರ ಸರಿಯಾಗಿಯೇ ಇದೆ. ಆದರೆ ಅದು ನಕ್ಷೆಯ ಮೇಲೆ ದಾರ ಹಿಡಿದು ಅಳೆದ ನೇರ ದೂರ. ಜುಲೈನಲ್ಲಿ ಗಾಳಿ ಬೀಸುವುದು ಪಡುವಣದಿಂದ. ಏರುವಾಗಲೂ ಇಳಿಯುವಾಗಲೂ ವಿಮಾನದ ಮೂಗು ಗಾಳಿಗೆ ಎದುರಾಗಿರಬೇಕು. ಹಾಗಾಗಿ ಅಮ್ಮನ ವಿಮಾನ ಬಜ್ಪೆಯ ಗುಡ್ಡದಿಂದ ಸಾಮಾನ್ಯವಾಗಿ ಕಡಲಿನ ಕಡೆಗೆ ಏರಿ, ಅಲ್ಲಿಂದ ತಿರುಗಿ ಘಟ್ಟದ ದಾರಿ ಹಿಡಿಯುತ್ತದೆ. ದೇವನಹಳ್ಳಿಯಲ್ಲೂ ಅದೇ ಕಥೆ: ನಿಲ್ದಾಣವನ್ನು ದಾಟಿ ಮೂಡಣಕ್ಕೆ ಹೋಗಿ, ಹಿಂದಿರುಗಿ ಪಡುವಣಕ್ಕೆ ಮುಖ ಮಾಡಿ ಇಳಿಯಬೇಕು. ಹೊರಟಿರುವುದು ಮೂಡಣಕ್ಕೆ, ಎರಡು ತುದಿಯಲ್ಲೂ ಓಡುವುದು ಪಡುವಣಕ್ಕೆ!

ಇನ್ನು ವೇಗ. ಸಾವಿರ ಅಡಿ ಇಳಿಯಲು ಜೆಟ್ ವಿಮಾನಕ್ಕೆ ಸುಮಾರು ಐದೂವರೆ ಕಿ.ಮೀ. ಬೇಕು. 24 ಸಾವಿರ ಅಡಿಯಲ್ಲಿ ಹಾರುತ್ತಿದೆ ಎಂದುಕೊಳ್ಳಿ. ಬೆಂಗಳೂರಿನ ನಿಲ್ದಾಣವೇ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲಿದೆ. ಉಳಿದ 21 ಸಾವಿರ ಅಡಿ ಇಳಿಯಲು 115 ಕಿ.ಮೀ. ಹೋಯಿತು. ಏರುವುದಕ್ಕೂ ನೂರರ ಆಸುಪಾಸು ಬೇಕು. ಪೂರ್ಣ ವೇಗದಲ್ಲಿ ಸಮನಾಗಿ ಹಾರುವುದು ಹತ್ತು ನಿಮಿಷವೂ ಇಲ್ಲ. ಹತ್ತು ಸಾವಿರ ಅಡಿಗಿಂತ ಕೆಳಗೆ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಮಿತಿ ಬೇರೆ. ಎಟಿಆರ್‌ನಂಥ ಫ್ಯಾನ್ ವಿಮಾನವಾದರೆ ಅದರ ಪೂರ್ಣ ವೇಗವೇ 500ರ ಸುಮಾರು.

ಟಿಕೆಟಿನ ಸಮಯ ಹಾರಾಟದ ಸಮಯವಲ್ಲ. ನಿಂತ ಜಾಗದಿಂದ ವಿಮಾನ ಕದಲಿದ ಗಳಿಗೆಯಿಂದ ಬೆಂಗಳೂರಿನಲ್ಲಿ ಮತ್ತೆ ನಿಲ್ಲುವವರೆಗಿನ ಲೆಕ್ಕ ಅದು. ದೇವನಹಳ್ಳಿಯಲ್ಲಿ ಇಳಿದ ಮೇಲೆ ನೆಲದ ಮೇಲಿನ ಓಟವೇ ಹತ್ತು ನಿಮಿಷ ಹಿಡಿಯಬಹುದು.

ಆದರೆ ನಿಮ್ಮನ್ನು ಕಾಡಬೇಕಾದದ್ದು ಈ ಒಂದು ಗಂಟೆಯಲ್ಲ, ಬಜ್ಪೆಯ ಮಳೆ. ಗುಡ್ಡದ ತಲೆ ಕತ್ತರಿಸಿ ಮಾಡಿದ ಆ ರನ್‌ವೇ ಉದ್ದ 2,450 ಮೀಟರ್. ಎರಡೂ ಕಡೆ ಕಮರಿ. ಮೋಡ ಕವಿದು ರನ್‌ವೇ ಕಾಣದಿದ್ದರೆ ಪೈಲಟ್ ಇಳಿಸುವುದಿಲ್ಲ, ಇಳಿಸಲೂಬಾರದು. ಅಮ್ಮನನ್ನು ಕರೆದೊಯ್ಯುವುದು ಬಹುಪಾಲು ಆಗತಾನೇ ಬೇರೆ ಊರಿನಿಂದ ಬಂದಿಳಿದ ವಿಮಾನವೇ. ಅದು ಆಕಾಶದಲ್ಲೇ ಸುತ್ತಿ ಬೇರೆ ಊರಿಗೆ ಹೋಗಿಬಿಟ್ಟರೆ ಅವರು ಕಾಯುತ್ತಾ ಕೂರಬೇಕಾಗುತ್ತದೆ.

ಬೇರೆ ಬೇರೆ ಟಿಕೆಟ್ ಆದ್ದರಿಂದ ಲಂಡನ್ ವಿಮಾನ ತಪ್ಪಿದರೆ ಯಾರೂ ಹೊಣೆ ಹೊರುವುದಿಲ್ಲ. ಸಾಮಾನು ಪಡೆದು, ಅಂತರರಾಷ್ಟ್ರೀಯ ವಿಮಾನಗಳ ಎರಡನೇ ಟರ್ಮಿನಲ್‌ಗೆ ಬಂದು, ಮತ್ತೆ ಚೆಕ್-ಇನ್ ಮಾಡಬೇಕು. ಮೊದಲ ವಿಮಾನ ಒಂದನೇ ಟರ್ಮಿನಲ್‌ಗೆ ಬಂದರೆ ನಡುವೆ ಬಸ್ಸು ಹಿಡಿಯಬೇಕು. ಬೇಸಿಗೆಯಾಗಿದ್ದರೆ ಐದು ಗಂಟೆ ಅಂತರ ಸಾಕು ಎನ್ನುತ್ತಿದ್ದೆ. ಜುಲೈಗೆ ಹಿಂದಿನ ದಿನವೇ ಬೆಂಗಳೂರು ಸೇರುವುದು ಒಳ್ಳೆಯದು. ಅದಾಗದಿದ್ದರೆ ಎರಡನ್ನೂ ಒಂದೇ ಟಿಕೆಟಿಗೆ ಬದಲಾಯಿಸಿ. ಗಾಲಿಕುರ್ಚಿ ನೆರವನ್ನು ಈಗಲೇ ಎರಡೂ ವಿಮಾನಗಳಿಗೆ ಕೇಳಿಡಿ. ಒಂದಕ್ಕೆ ಕೇಳಿದರೆ ಇನ್ನೊಂದಕ್ಕೆ ತಾನಾಗಿ ಬರುವುದಿಲ್ಲ.