ಸ್ವಂತವಾಗಿ ಕಟ್ಟಿದ ವಿಮಾನದ ರೋಟರಿ ಎಂಜಿನ್ ತಂಪಾಗಿಡಲು ಎಲೆಕ್ಟ್ರಿಕ್ ವಾಟರ್ ಪಂಪ್ ನಂಬಬಹುದೇ?

ನಂಬಬಹುದು, ಆದರೆ ಒಂದೇ ಪಂಪ್ ನೆಚ್ಚಿಕೊಂಡು ಹಾರಬೇಡಿ. ಮಜ್ದಾ ಕಾರಿನ 13ಬಿ ರೋಟರಿ ಎಂಜಿನ್‌ನಲ್ಲಿ (ಪಿಸ್ಟನ್ ಬದಲು ತ್ರಿಕೋನಾಕಾರದ ರೋಟರ್ ತಿರುಗುವ ಎಂಜಿನ್) ಇಂಧನ ಉರಿಯುವುದು ಯಾವಾಗಲೂ ಹೌಸಿಂಗ್‌ನ, ಅಂದರೆ ಹೊರಕವಚದ, ಒಂದೇ ಮಗ್ಗುಲಲ್ಲಿ, ಸ್ಪಾರ್ಕ್ ಪ್ಲಗ್‌ಗಳ ಸುತ್ತ. ಹರಿವು ನಿಂತರೆ ಅಲ್ಲೇ ನೀರು ಕುದಿದು ಆವಿಯಾಗುತ್ತದೆ. ಅಲ್ಯೂಮಿನಿಯಂ ಹೌಸಿಂಗ್ ಸೊಟ್ಟಗಾಗಿ ನೀರಿನ ಸೀಲ್ ಹಾಳಾಗುತ್ತದೆ.

ಎಲೆಕ್ಟ್ರಿಕ್ ಪಂಪ್‌ಗೆ ಬೆಲ್ಟ್ ಬೇಡ, ಎಂಜಿನ್ ಆಫ್ ಮಾಡಿದ ಮೇಲೂ ನೀರು ತಿರುಗಿಸಬಹುದು. ಆದರೆ ಫ್ಯೂಸ್ ಹೋದರೆ ಮುಗಿಯಿತು. ಹಾಗಾಗಿ ಎರಡು ಪಂಪ್, ಎರಡಕ್ಕೂ ಬೇರೆ ಬೇರೆ ವೈರಿಂಗ್. ಅಕ್ಕಪಕ್ಕ ಸಮಾನಾಂತರವಾಗಿ ಜೋಡಿಸುವುದಾದರೆ ಚೆಕ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ) ಹಾಕಲೇಬೇಕು. ಇಲ್ಲದಿದ್ದರೆ ನಿಂತುಹೋದ ಪಂಪಿನ ಮೂಲಕ ನೀರು ಹಿಂದಕ್ಕೇ ಸುತ್ತುತ್ತದೆ, ಎಂಜಿನ್‌ಗೆ ಸಾಕಷ್ಟು ಹೋಗುವುದಿಲ್ಲ.

ಟೆಂಪರೇಚರ್ ಮೀಟರ್ ಜೊತೆ ಕೂಲಂಟ್ (ತಂಪಾಗಿಸುವ ನೀರಿನ) ಪ್ರೆಶರ್ ಮೀಟರೂ ಇರಲಿ. ನೀರೆಲ್ಲ ಸೋರಿಹೋದಾಗ ಸೆನ್ಸರ್ ನೀರಿನ ಶಾಖ ತೋರಿಸಲಾರದು. ಮುಳ್ಳು ತಣ್ಣಗೇ ಕೂತಿರಬಹುದು. ಒತ್ತಡದ ಮುಳ್ಳು ಮಾತ್ರ ಮೊದಲೇ ಬೀಳುತ್ತದೆ.